ಗುರುತುಗಳೆಲ್ಲ ಮೀನು ಹಿಡಿಯಲು ಹೋದ ದಿನ

ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣ

ನ್ಯೂಜಿಲೆಂಡಿನ ನೆಲಕ್ಕೆ ಕಾಲಿಟ್ಟು ಇನ್ನೂ ಪೆಟ್ಟಿಗೆ ಕೈಗೆ ಬಂದಿರಲಿಲ್ಲ, ಅಷ್ಟರಲ್ಲೇ ನನ್ನ ಬಂಗಾರ ಜಪ್ತಿಯಾಯಿತು.

ಬಂಗಾರವೆಂದರೆ ಬನ್ನಿ ಎಲೆ. ನಮ್ಮ ಧಾರವಾಡದ ಕಡೆ ದಸರೆಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಕೊಟ್ಟು, ‘ಬಂಗಾರ ತಗೊಂಡು ಬಂಗಾರದಂಗ ಇರೂಣು’ ಎಂದು ಹಿರಿಯರ ಕಾಲಿಗೆರಗುವುದು ವಾಡಿಕೆ. ಈ ಸಲ ನಾನು ಕಾಲಿಗೆರಗಬೇಕಾದ ಹಿರಿಯಳು, ನನ್ನ ಅಕ್ಕ ನೀಲಕ್ಕ, ಸಮುದ್ರದಾಚೆ ಕೂತಿದ್ದಳು. ಅವಳಿಗೆಂದು ಒಂದು ಹಿಡಿ ಬನ್ನಿಯನ್ನು ಕ್ಯಾಮೆರಾ ಚೀಲದ ಒಳಜೇಬಿಗೆ ತುರುಕಿದವನು ಮರೆತೇಬಿಟ್ಟಿದ್ದೆ. ಗಿಡ, ಎಲೆ, ಬೀಜ ಏನಾದರೂ ಇವೆಯೇ ಎಂದು ಕೇಳಿದಾಗ ಬಹಳ ಗಂಭೀರವಾಗಿ ಇಲ್ಲವೆಂದು ತಲೆಯಾಡಿಸಿದ್ದೆ. ಸಾಲಿನುದ್ದಕ್ಕೂ ಓಡಾಡಿಕೊಂಡಿದ್ದ ನಾಯಿಯೊಂದು ನನ್ನ ಚೀಲದ ಮುಂದೆ ಬಂದು ಗಟ್ಟಿಯಾಗಿ ಕುಳಿತುಬಿಟ್ಟಿತು.

ಕೈಗವಸು ಹಾಕಿದ್ದ ಅಧಿಕಾರಿಣಿ ಎಲೆಗಳನ್ನು ಒಂದೊಂದಾಗಿ ಹೊರತೆಗೆದು ಇದೇನೆಂದು ಕೇಳಿದಳು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ‘ಗೋಲ್ಡ್’ ಎಂಬ ಒಂದೇ ಮಾತು. ಆಕೆ ನನ್ನ ಮುಖ ನೋಡಿದಳು, ಎಲೆ ನೋಡಿದಳು. ಆಮೇಲೆ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ದಸರೆಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಬೆಳ್ಳಿ ಏನಾದರೂ ತಂದಿದ್ದೀರಾ ಎಂದು ವಿಚಾರಿಸಿದಳು! ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಕ್ಯಾಮೆರಾಗೆ ಹಚ್ಚಿದ್ದ ಕುಂಕುಮವನ್ನು ಹಾಗೇ ಬಿಟ್ಟಳು. ಲೆನ್ಸಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚೆಂಡುಹೂವಿನ ಎಸಳನ್ನು ಮಾತ್ರ ಚಿಮಟಿಗೆಯಿಂದ ಎತ್ತಿ ಬನ್ನಿಯ ಜೊತೆ ಡಬ್ಬಿಗೆ ಹಾಕಿದಳು. ದಂಡ ಹಾಕಬಹುದಿತ್ತು, ಎಚ್ಚರಿಕೆ ಕೊಟ್ಟು ಕಳಿಸಿದಳು.

ಹೊರಗೆ ಅಕ್ಕನ ಮಗಳು ಮೇಘಾ ಕಾರು ತಂದಿದ್ದಳು. ಓಮರೂ ಎಂಬ ಸಣ್ಣ ಊರಿನ ಕೌನ್ಸಿಲ್‌ನಲ್ಲಿ ಅವಳು ನೀರಿನ ಕೊಳವೆಗಳ ಎಂಜಿನಿಯರ್. ಊರು ದಕ್ಷಿಣಕ್ಕೆ, ಅರ್ಧ ದಿನದ ಹಾದಿ. ದಾರಿಯುದ್ದಕ್ಕೂ ಹಸಿರು ಹೊಲ, ಹೊಲದ ತುಂಬ ಕುರಿ, ಮೈಲಿಗಟ್ಟಲೆ ಒಬ್ಬ ಕುರಿ ಕಾಯುವವನೂ ಇಲ್ಲ. ಅದನ್ನೇ ಬೆರಗಿನಿಂದ ನೋಡುತ್ತಿದ್ದೆ.

“ಮಾಮಾ, ಮನಿ ಮುಟ್ಟೂದಕ್ಕ ಮೊದ್ಲ ಒಂದು ಮಾತು ಹೇಳ್ತೀನಿ” ಅಂದಳು ಮೇಘಾ. “ಅವ್ವ ಸೀರಿ ಎಲ್ಲಾ ಬ್ಯಾಗಿನ್ಯಾಗ ತುಂಬಿ ಇಟ್ಟಾಳ. ನಿನ್ನ ಕೂಡನ ವಾಪಸ್ ಹೋಗ್ತೀನಿ ಅಂತಾಳ. ನಿನ್ನ ಫ್ಲೈಟಿಗೇ ಟಿಕೆಟ್ ಮಾಡಿಸೇನಿ.”

“ಯಾಕವಾ? ಜಗಳಾಡಿದಿರೇನು?”

“ಜಗಳಾಡಿದ್ರ ಚೊಲೊ ಇತ್ತು. ಬಂದು ಐದು ತಿಂಗಳಾತು, ಆಕಿ ಒಬ್ಬಾಕಿನ ಗೇಟ್ ದಾಟೂದಿಲ್ಲ. ನಾ ಮುಂಜಾನೆ ಆಫೀಸಿಗೆ ಹೋದ್ರ ಸಂಜಿತನಕ ಕಿಟಕಿ ಮುಂದ ಕುಂದರ್ತಾಳ. ಆಕ್ಲೆಂಡಿನ್ಯಾಗ ಮೌಂಟ್ ರಾಸ್ಕಿಲ್ ಅಂತ ಐತಿ, ಅಲ್ಲಿ ನಮ್ಮ ಮಂದಿ ಭಾಳ ಅದಾರ, ಅಲ್ಲಿಗೆ ಟ್ರಾನ್ಸ್‌ಫರ್ ಅಲ್ಲ, ಹೊಸಾ ಜಾಬ್ ನೋಡ್ಲೇನು ಅಂದೆ. ಬ್ಯಾಡ, ನನ್ನ ಸಲುವಾಗಿ ನೌಕರಿ ಬಿಡಬ್ಯಾಡ ಅಂದ್ಲು. ಅಪ್ಪ ಹೋದ ಮ್ಯಾಲ ಆಕಿಗೆ ನಾನು, ನನಗ ಆಕಿ. ಅಷ್ಟ ಅದೀವಿ ನೋಡು ಮಾಮಾ. ನೀ ಬಂದೀಯಲ್ಲ, ಒಂದು ಟ್ರೈ ಮಾಡು. ನಿನ್ನ ಮಾತು ಕೇಳ್ತಾಳ.”

ಅಕ್ಕ ಇಡೀ ಜನ್ಮದಲ್ಲಿ ನನ್ನ ಮಾತು ಕೇಳಿದ್ದು ನನಗೆ ನೆನಪಿರಲಿಲ್ಲ. ಆದರೂ ಆಗಲಿ ಎಂದೆ. ಅವಳು ಕಣ್ಣೊರೆಸಿಕೊಂಡು ಗೇರು ಬದಲಿಸಿದಳು.

ಓಮರೂ: ನದಿಗಳ ಹೆಸರಿನ ಬೀದಿಗಳು

ಧಾರವಾಡದಲ್ಲಿ ನೀಲಕ್ಕನನ್ನು ಬಲ್ಲವರು ಈ ಸುದ್ದಿಯನ್ನು ನಂಬುವುದಿಲ್ಲ. ಮನೆಯಲ್ಲೇ ರೊಟ್ಟಿ ಬಡಿದು ಮಾರಿ ಮಗಳನ್ನು ಎಂಜಿನಿಯರಿಂಗ್ ಓದಿಸಿದವಳು ಅವಳು. ದಿನಾ ಮುಂಜಾನೆ ರೊಟ್ಟಿಬುಟ್ಟಿ ಹೊತ್ತು ಅರ್ಧ ಊರು ಸುತ್ತಿ, ಪೇಟೆಯಲ್ಲಿ ಕಾಯಿಪಲ್ಲೆಯವರ ಜೊತೆ ಜಗಳವಾಡಿ, ಬರುವಾಗ ನನ್ನ ಸ್ಟುಡಿಯೋಕ್ಕೆ ಬಂದು ಚಹಾ ಕುಡಿದು ಹೋಗುತ್ತಿದ್ದಳು. ಫೋಟೋ ತೆಗೆಸಿಕೊಳ್ಳಲು ಕುಳಿತ ಗಿರಾಕಿಗಳಿಗೆ ‘ಏ ತಮ್ಮಾ, ನಗೋ’ ಎಂದು ಗದರಿಸುವ ಕೆಲಸವೂ ಅವಳದೇ ಆಗಿತ್ತು. ಅಂಥವಳು ಓಮರೂನಲ್ಲಿ ಸ್ವೆಟರ್ ಮೇಲೆ ಶಾಲು ಹೊದ್ದು, ಬಾಗಿಲ ಹೊಸ್ತಿಲಲ್ಲೇ ನಿಂತು ನನ್ನನ್ನು ಬರಮಾಡಿಕೊಂಡಳು. ಗೇಟಿನವರೆಗೂ ಬರಲಿಲ್ಲ.

“ಏನಕ್ಕಾ ಇದು?” ಅಂದೆ.

“ಏನಿಲ್ಲಪಾ. ಬಂದ ವಾರದಾಗ ಒಂದಿನ ಹಂಗ ಅಡ್ಡಾಡಿ ಬರೂಣಂತ ಹೋದೆ. ಎಲ್ಲಾ ಮನಿ ಒಂದ ನಮೂನಿ, ಎಲ್ಲಾ ಓಣಿ ಒಂದ ನಮೂನಿ. ತಿರುಗಿ ಬರೂ ಹಾದಿ ಸಿಗವಲ್ದು. ಕೇಳೂಣಂದ್ರ ದಾರ್ಯಾಗ ಒಂದು ನರಪಿಳ್ಳಿ ಇಲ್ಲ. ಕಡೀಕ ಯಾರೋ ಪುಣ್ಯಾತ್ಮ ಕಾರಿನ್ಯಾಗ ಕುಂದರಿಸಿಕೊಂಡು ಮೇಘಾನ ಆಫೀಸಿಗೆ ಮುಟ್ಟಿಸಿದ. ಎಲ್ಲಾರ ಮುಂದ ಆಕಿ ಮಾರಿ ಕೆಂಪಾಗಿತ್ತು. ಸಾಕು ನನಗ.”

ಅವಳ ಕಷ್ಟ ಮರುದಿನ ನಾನೇ ಹೊರಗೆ ಬಿದ್ದಾಗ ಅರ್ಥವಾಯಿತು. ಓಮರೂ ಚೆಂದದ ಊರು. ಇಂಗ್ಲೆಂಡಿನಿಂದ ಬಂದವರು ತಮ್ಮೂರನ್ನು ಮರೆಯಲಾಗದೆ ಬೀದಿಗಳಿಗೆಲ್ಲ ಅಲ್ಲಿನ ನದಿಗಳ ಹೆಸರಿಟ್ಟಿದ್ದಾರೆ. ಥೇಮ್ಸ್ ಬೀದಿ, ಟೈನ್ ಬೀದಿ, ಸೆವರ್ನ್ ಬೀದಿ, ಹಂಬರ್ ಬೀದಿ. ದೊಡ್ಡ ಕಟ್ಟಡಗಳೆಲ್ಲ ಬೆಣ್ಣೆಯಂಥ ಬಿಳಿ ಸುಣ್ಣಕಲ್ಲಿನವು. ಹಳೆಯ ಬ್ಯಾಂಕುಗಳಿಗೆ ನಾಲ್ಕಾಳು ಎತ್ತರದ ಕಂಬಗಳು, ಗಡಿಯಾರದ ಗೋಪುರ, ಮರದ ಮಾಳಿಗೆಯ ಹಳೆಯ ಗೋದಾಮುಗಳು. ಥೇಮ್ಸ್ ಬೀದಿಯನ್ನು ಎತ್ತಿನ ಗಾಡಿಗಳು ಪೂರಾ ತಿರುಗಿಕೊಳ್ಳಲೆಂದು ಅಷ್ಟು ಅಗಲ ಮಾಡಿದರಂತೆ. ಬಂದರಿನ ರಸ್ತೆಯಲ್ಲಿ, ಪೆಂಗ್ವಿನ್‌ಗಳು ದಾಟುತ್ತವೆ, ನಿಧಾನವಾಗಿ ಓಡಿಸಿ ಎಂದು ಫಲಕ ಹಾಕಿದ್ದಾರೆ. ನಮ್ಮಲ್ಲಿ ಶಾಲೆಯ ಮಕ್ಕಳಿಗೇ ಅಂಥ ಫಲಕ ಹಾಕಿಸಬೇಕಾದರೆ ನಾಲ್ಕು ಸಲ ಅರ್ಜಿ ಕೊಡಬೇಕು.

ಒಂದೇ ತೊಂದರೆ, ಊರೊಳಗಿನ ಈ ವೈಭವ ಬಿಟ್ಟು ಮೇಘಾಳ ಮನೆಯಿರುವ ಗುಡ್ಡದ ಕಡೆ ಬಂದರೆ ಗುರುತು ಹಿಡಿಯಲು ಏನೂ ಇಲ್ಲ. ತಗ್ಗು ಬೇಲಿ, ಬೇಲಿಯ ಹಿಂದೆ ಹುಲ್ಲು, ಹುಲ್ಲಿನ ಹಿಂದೆ ಹೆಂಚಿನ ಮನೆ. ಫೋಟೋದವನ ದೊಡ್ಡ ತಲೆನೋವು ಯಾವಾಗಲೂ ಚೌಕಟ್ಟಿನೊಳಗೆ ನುಗ್ಗುವ ಜನ. ಧಾರವಾಡದಲ್ಲಿ ಒಂದು ಗುಡಿಯ ಫೋಟೋ ತೆಗೆಯಬೇಕಾದರೆ ‘ಸರೀರಿ, ಸ್ವಲ್ಪ ಸರೀರಿ’ ಎಂದು ಕೂಗಿ ಗಂಟಲು ಕಟ್ಟುತ್ತದೆ. ಇಲ್ಲಿ ನಾನು ಒಬ್ಬನಾದರೂ ಮನುಷ್ಯ ಚೌಕಟ್ಟಿನೊಳಗೆ ಬರಲಿ ಎಂದು ಕಾದು ಕಾದು, ಕೊನೆಗೆ ಒಂದು ಬೆಕ್ಕಿಗೆ ತೃಪ್ತಿಪಟ್ಟೆ.

ಸಂಜೆ ಅಕ್ಕನಿಗೆ ಕ್ಯಾಮೆರಾದ ಹಿಂಬದಿಯಲ್ಲಿ ಒಂದೊಂದೇ ತೋರಿಸಿದೆ. ಕಂಬಗಳ ಮೇಲೆ ಇಳಿಬಿಸಿಲು ಬಿದ್ದಿದ್ದ ಫೋಟೋ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಿತ್ತು.

“ಚೊಲೊ ಬಂದಾವ” ಅಂದಳು. “ಆದ್ರ ಇದನ್ನ ನೋಡಿಕೊಂಡು ನಾ ಮನಿಗೆ ತಿರುಗಿ ಬರಾಕ ಆಗ್ತೈತೇನು?”

ಆ ಮಾತು ರಾತ್ರಿ ಊಟದವರೆಗೂ ತಲೆಯಲ್ಲಿ ಕೊರೆಯಿತು. ನಮ್ಮೂರಲ್ಲಿ ಯಾರಾದರೂ ಬೀದಿಯ ಹೆಸರು ನೋಡಿಕೊಂಡು ಮನೆ ಹುಡುಕುತ್ತಾರೆಯೇ? ಬೇವಿನ ಗಿಡದ ಕಡೆ ತಿರುಗಿ, ಟೇಲರ್ ಅಂಗಡಿ ದಾಟಿ, ಹೂ ಮಾರುವ ಬಸವ್ವನನ್ನು ಕೇಳಿ ಎಂದು ಹೇಳುತ್ತೇವೆ, ಯಾರೂ ದಾರಿ ತಪ್ಪುವುದಿಲ್ಲ. ಅಕ್ಕನಿಗೆ ಬೇಕಾದದ್ದು ಗೋಪುರವಲ್ಲ, ಬೇವಿನ ಗಿಡ. ಅದನ್ನು ಹುಡುಕಿ ಫೋಟೋ ತೆಗೆದು ಕೊಡುವುದು ನನ್ನ ಕೈಯಲ್ಲಾಗುವ ಕೆಲಸ ಎಂದು ಹುರುಪು ಬಂತು.

ಮನೆಯಿಂದ ಡೇರಿಯವರೆಗೆ

ಇಲ್ಲಿ ಡೇರಿ ಎಂದರೆ ಹಾಲು ಅಳೆಯುವ ಕೇಂದ್ರವಲ್ಲ, ಮೂಲೆಯ ಕಿರಾಣಿ ಅಂಗಡಿ. ಮೊದಲು ಅಲ್ಲಿಯವರೆಗೆ ದಾರಿ ಹಾಕೋಣ ಎಂದು ಗೊತ್ತುಮಾಡಿದೆ. ದಿನಾ ಎರಡು ಹೊತ್ತು ನಡೆದು, ಪ್ರತಿ ತಿರುವಿನಲ್ಲೂ ಒಂದು ಗುರುತು ಆರಿಸಿದೆ.

ಮೊದಲ ಮೂಲೆಯಲ್ಲಿ ಕೆಂಪು ಯೂಟ್. ಯೂಟ್ ಎಂದರೆ ಮುಂದೆ ಕಾರು, ಹಿಂದೆ ಟ್ರಾಲಿಯಂಥ ಗಾಡಿ. ಅದರ ಹಿಂಭಾಗದಲ್ಲಿ ಸದಾ ಒಂದು ಕರಿಬಿಳಿ ನಾಯಿ ಕುಳಿತು ನನ್ನನ್ನು ಅನುಮಾನದಿಂದ ನೋಡುತ್ತಿತ್ತು. ಅಲ್ಲಿ ಎಡಕ್ಕೆ ಹೊರಳಿದರೆ ಒಂದು ಮನೆಯ ಹುಲ್ಲಿನ ಮೇಲೆ ನೀಲಿ ದೋಣಿ. ಸಮುದ್ರ ಅಲ್ಲೆಲ್ಲೋ ದೂರ ಇದ್ದರೂ ಆ ದೋಣಿ ಮಾತ್ರ ಎಮ್ಮೆ ಕಟ್ಟಿದಂತೆ ಮನೆಮುಂದೆ ನಿಂತಿರುತ್ತಿತ್ತು. ದೋಣಿ ದಾಟಿ ಬಲಕ್ಕೆ ಇಳಿದರೆ ಒಂದು ಬಯಲು, ಬಯಲಲ್ಲಿ ಚೌಕಡಿ ಕೋಟು ಹಾಕಿಕೊಂಡ ಕುದುರೆ. ಹೌದು, ಕುದುರೆಗೆ ಕೋಟು. ಕುತ್ತಿಗೆಯಿಂದ ಬಾಲದವರೆಗೆ, ಹೊಟ್ಟೆಯ ಕೆಳಗೆ ಪಟ್ಟಿ ಬಿಗಿದ ದಪ್ಪ ಕೋಟು. ಕುದುರೆಯಿಂದ ನೆಟ್ಟಗೆ ಹೋದರೆ ಡೇರಿ.

ಫೋಟೋ ಪ್ರಿಂಟು ಹಾಕಿಸಲು ಹೋದರೆ ಈ ಊರಲ್ಲಿ ಆ ಕೆಲಸ ಔಷಧಿ ಅಂಗಡಿಯಲ್ಲಿ ಎಂದರು. ಒಂದು ಕಡೆ ಕೆಮ್ಮಿನ ಸಿರಪ್ಪು, ಇನ್ನೊಂದು ಕಡೆ ಫೋಟೋ ಯಂತ್ರ. ನನ್ನ ವೃತ್ತಿಗೆ ಬಂದ ಗತಿಯನ್ನು ನೋಡಿ ನಗು ಬಂತು. ಅಕ್ಕನಿಗೆ ಮತ್ತು ನನಗೆ ಒಂದೊಂದು ಜೊತೆ ಇರಲಿ ಎಂದು ಎರಡೆರಡು ಪ್ರತಿ ಹೊಡೆಸಿದೆ. ಅಕ್ಕ ಅವುಗಳ ಬೆನ್ನ ಮೇಲೆ ತನ್ನ ದುಂಡನೆಯ ಅಕ್ಷರದಲ್ಲಿ ‘ನಾಯಿ ಗಾಡಿ, ಎಡಕ್ಕ’, ‘ದೋಣಿ, ಬಲಕ್ಕ’, ‘ಅಂಗಿ ಕುದರಿ, ಸೀದಾ’ ಎಂದು ಬರೆದುಕೊಂಡಳು.

ಮೂರು ದಿನ ಜೊತೆಯಲ್ಲಿ ನಡೆದೆವು. ಮೊದಲ ದಿನ ನನ್ನ ತೋಳು ಹಿಡಿದುಕೊಂಡೇ ಇದ್ದಳು. ಎರಡನೆಯ ದಿನ ನಾನು ಹಿಂದೆ, ಅವಳು ಮುಂದೆ. ಕುದುರೆಯ ಬಯಲಿನ ಗೇಟಿಗೆ ಸಣ್ಣ ಚೀಲಗಳನ್ನು ಒರಗಿಸಿಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿದ್ದರು. ಏನಿದೆಯೆಂದು ಬಗ್ಗಿ ಮೂಸಿದ ಅಕ್ಕ ಸೆಟೆದು ನಿಂತಳು.

“ಶಿವ್ಯಾ, ಇದು ಲದ್ದಿ ಅಲ್ಲೇನೋ?”

“ಹೌದಕ್ಕಾ. ಗಿಡಕ್ಕ ಹಾಕಾಕ ಮಾರ್ತಾರ.”

“ಮಾರೂದು ಇರ್ಲಿ, ಕಾಯಾಕ ಒಬ್ರೂ ಇಲ್ಲಲ್ಲೋ! ದುಡ್ಡಿನ ಡಬ್ಬಿ ಹೊತ್ತುಕೊಂಡು ಹೋದ್ರ?”

ಅವಳಿಗೆ ಇದು ಎಷ್ಟು ಮನಸ್ಸಿಗೆ ಹತ್ತಿತೆಂದರೆ, ಯಾರಾದರೂ ಕದಿಯುತ್ತಾರೋ ಇಲ್ಲವೋ ನೋಡಿಯೇ ಬಿಡೋಣ ಎಂದು ಅಲ್ಲೇ ನಿಂತಳು. ಯಾರೂ ಕದಿಯಲಿಲ್ಲ, ಯಾರೂ ಬರಲೂ ಇಲ್ಲ. ಆದರೆ ಆ ದಿನ ಬಹಳ ದಿನಗಳ ಮೇಲೆ ಅಕ್ಕನ ಗಂಟಲಿನಿಂದ ಪೇಟೆಯ ದನಿ ಹೊರಟಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಮೂರನೆಯ ದಿನದ ಸಂಜೆ ಮನೆಗೆ ಬಂದು, “ನಾಳೆ ನಾ ಒಬ್ಬಾಕಿನ ಹೋಗ್ತೀನಿ, ನೀ ಬೆನ್ನು ಹತ್ತಬ್ಯಾಡ” ಎಂದು ಘೋಷಿಸಿದಳು. ಮೇಘಾ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದಳು.

ಉದ್ದನೆಯ ವಾರಾಂತ್ಯ

ನಾಳೆ ಎಂದರೆ ಶನಿವಾರ. ಸೋಮವಾರವೂ ರಜೆ. ಚಳಿಗಾಲ ಮುಗಿದ ಮೇಲಿನ ಮೊದಲ ಉದ್ದನೆಯ ವಾರಾಂತ್ಯ ಅದು, ಇಡೀ ದೇಶ ಅಂದು ಮನೆ ಬಿಟ್ಟು ಹೊರಗೆ ಬೀಳುತ್ತದಂತೆ. ನನಗೆ ಅದರ ಗಂಧವಿರಲಿಲ್ಲ. ಮೇಘಾಳಿಗೆ ಗೊತ್ತಿತ್ತು, ಆದರೆ ಎಲ್ಲಿಯೋ ಕೊಳವೆ ಒಡೆದಿದೆ ಎಂದು ಅವಳನ್ನು ಬೆಳಿಗ್ಗೆಯೇ ಕರೆಸಿಕೊಂಡಿದ್ದರು.

ಬಿಸಿಲು ಚೆನ್ನಾಗಿತ್ತು. ಅಕ್ಕ ಇಳಕಲ್ ಸೀರೆ ಉಟ್ಟು, ಕಾಲಿಗೆ ಮೇಘಾಳ ಓಟದ ಬೂಟು ಹಾಕಿಕೊಂಡು, ಕೈಚೀಲದಲ್ಲಿ ಫೋಟೋಗಳನ್ನು ಇಟ್ಟುಕೊಂಡು ಹೊರಟಳು. ಎರಡು ಜೊತೆಯೂ ತನ್ನ ಹತ್ತಿರವೇ ಇರಲಿ ಎಂದು ತೆಗೆದುಕೊಂಡು ಹೋದಳು. ಮೇಘಾ ಕೊಡಿಸಿದ್ದ ಫೋನು ಎಂದಿನಂತೆ ಅಡುಗೆಮನೆಯಲ್ಲಿ ಚಾರ್ಜಿಗೆ ಇತ್ತು. ಹೋಗಿಬರಲು ಅರ್ಧ ಗಂಟೆ ಸಾಕು. ಒಂದು ಗಂಟೆಯಾಯಿತು. ಚಹಾ ಮಾಡಿಕೊಂಡೆ, ಕುಡಿಯಲಾಗಲಿಲ್ಲ. ಇನ್ನೂ ಬರಲಿಲ್ಲ. ಬೆನ್ನು ಹತ್ತಬೇಡ ಅಂದಿದ್ದಳು, ಆದರೂ ಮನೆಗೆ ಬೀಗ ಹಾಕಿಕೊಂಡು ಓಡಿದೆ.

ಮೊದಲ ಮೂಲೆಗೆ ಬಂದು ನೋಡುತ್ತೇನೆ, ಕೆಂಪು ಯೂಟ್ ಇಲ್ಲ! ಅದಿದ್ದ ಜಾಗದಲ್ಲಿ ಒಂದಿಷ್ಟು ಎಣ್ಣೆಯ ಕಲೆ. ಎಡಕ್ಕೆ ಓಡಿದೆ. ಹುಲ್ಲಿನ ಮೇಲೆ ದೋಣಿಯೂ ಇಲ್ಲ, ಅದು ನಿಂತಿದ್ದ ಕಡೆ ಹಳದಿಯಾದ ಹುಲ್ಲು. ಕುದುರೆಯಾದರೂ ಇರಬೇಕಲ್ಲ ಎಂದು ಬಯಲಿಗೆ ಬಂದರೆ ಅಲ್ಲಿ ಕಂದು ಬಣ್ಣದ, ಹೊಳೆಯುವ ಮೈಯ ಬೇರೊಂದು ಕುದುರೆ ಮೇಯುತ್ತಿದೆ. ಸ್ವಲ್ಪ ಹೊತ್ತು ಬಾಯಿಬಿಟ್ಟು ನಿಂತ ಮೇಲೆ ತಿಳಿಯಿತು, ಬೇರೆಯದಲ್ಲ, ಅದೇ ಕುದುರೆ. ಸೆಖೆಯೆಂದು ಕೋಟು ಬಿಚ್ಚಿದ್ದರು.

ನನ್ನ ತಪ್ಪು ಆಗ ಅರಿವಿಗೆ ಬಂತು. ಹೂವಿನ ಬಸವ್ವ ಒಂದೇ ಕಟ್ಟೆಯ ಮೇಲೆ ಇಡೀ ಆಯುಷ್ಯ ಕಳೆಯುವ ಊರಿನವನು ನಾನು. ಎರಡು ದಿನ ಒಂದೇ ಕಡೆ ಕಂಡದ್ದನ್ನೆಲ್ಲ ಬೇರು ಬಿಟ್ಟದ್ದೆಂದು ನಂಬಿ, ಗಾಲಿಯಿದ್ದವನ್ನೂ ಕಾಲಿದ್ದವನ್ನೂ ಗುರುತು ಮಾಡಿ ಅಕ್ಕನ ಕೈಗೆ ಕೊಟ್ಟಿದ್ದೆ. ಐದು ತಿಂಗಳಿನಿಂದ ಹೆದರಿ ಕುಳಿತವಳನ್ನು ನಾನೇ ದಾರಿ ತಪ್ಪಿಸಿದ್ದೆ. ಇನ್ನು ಅವಳು ಗೇಟು ದಾಟುವುದುಂಟೇ? ನನ್ನ ಜೊತೆ ವಿಮಾನ ಹತ್ತುವುದು ಖಾತ್ರಿ, ಮೇಘಾ ಇಲ್ಲಿ ಒಂಟಿಯಾಗುವುದೂ ಖಾತ್ರಿ. ಅಲ್ಲೇ ಬೇಲಿಯ ಪಕ್ಕ ನಿಂತು ಮೇಘಾಳಿಗೆ ಫೋನು ಮಾಡಿದೆ.

ಕೊಳವೆಯನ್ನು ಹಾಗೆಯೇ ಜೊತೆಯವರಿಗೆ ಒಪ್ಪಿಸಿ ಅವಳು ಕೆಸರಿನ ಬೂಟಿನಲ್ಲೇ ಬಂದಳು. ಡೇರಿಯಲ್ಲಿ ಕೇಳಿದೆವು, ಬಂದಿಲ್ಲ. ಊರಿನ ಸಾರ್ವಜನಿಕ ತೋಟದಲ್ಲಿ ನೋಡಿದೆವು. ಥೇಮ್ಸ್ ಬೀದಿಯಲ್ಲಿ ನಿಧಾನಕ್ಕೆ ಕಾರು ಓಡಿಸುತ್ತ ಎರಡೂ ಬದಿ ಹುಡುಕಿದೆವು. ಮೇಘಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬಂದರು

ಕೊನೆಗೆ ಬಂದರಿನ ಕಡೆ ಇಳಿದೆವು. ದೋಣಿಗಳನ್ನು ನೀರಿಗೆ ಇಳಿಸುವ ಇಳಿಜಾರಿನ ಪಕ್ಕದಲ್ಲಿ ಕೆಂಪು ಯೂಟ್ ನಿಂತಿತ್ತು. ಹಿಂದೆ ನಾಯಿ ಕುಳಿತಿತ್ತು. ಯೂಟಿನ ಹಿಂದೆ ಕಟ್ಟಿದ್ದ ಗಾಡಿಯ ಮೇಲೆ ಈಗ ತಾನೆ ನೀರಿನಿಂದ ಎಳೆದ ನೀಲಿ ದೋಣಿಯಿತ್ತು. ನನ್ನ ಗುರುತುಗಳೆಲ್ಲ ಕೂಡಿಕೊಂಡು ಮೀನು ಹಿಡಿಯಲು ಬಂದಿದ್ದವು! ನನಗೆ ಅಳು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ.

ಯೂಟಿನ ಯಜಮಾನ ಬ್ರಯನ್ ಎಂಬ ದಪ್ಪ ಮನುಷ್ಯ, ತುಂಡುಚಡ್ಡಿ ಹಾಕಿ ಮೀನು ತೊಳೆಯುತ್ತಿದ್ದ. ಮೇಘಾ ಅವನಿಗೆ ಎಲ್ಲ ವಿವರಿಸಿದಳು. ಸೀರೆ ಉಟ್ಟ ಹಿರಿಯ ಹೆಂಗಸು ಅಂದ ಕೂಡಲೇ ಅವನು ಕೈ ಒರೆಸಿಕೊಂಡು ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅವನ ಹೆಂಡತಿ ಟ್ರೇಸಿ ಕಳಿಸಿದ್ದಂತೆ. ಚಿತ್ರದಲ್ಲಿ ನಾನು ತೆಗೆದ ಕೆಂಪು ಯೂಟಿನ ಫೋಟೋ, ಅದನ್ನು ಹಿಡಿದ ಕೈಗೆ ಹಸಿರು ಬಳೆ.

ಬ್ರಯನ್ ಹೆಂಡತಿಗೆ ಫೋನು ಮಾಡಿದ. ಟ್ರೇಸಿ ಆ ತುದಿಯಿಂದ ಗಟ್ಟಿಯಾಗಿ ನಗುತ್ತ ಮಾತಾಡಿದ್ದು ನಮಗೂ ಕೇಳಿಸಿತು. ನಿಮ್ಮ ಅಕ್ಕ ಬಂದಿದ್ದರು, ಚಹಾ ಕುಡಿದರು, ನನ್ನ ಟೊಮೆಟೊ ಸಸಿ ನೆಟ್ಟದ್ದು ಸರಿಯಿಲ್ಲವೆಂದು ಕಿತ್ತು ಮತ್ತೆ ನೆಟ್ಟರು, ಆಮೇಲೆ ದೋಣಿಯ ಮನೆ ಯಾವುದೆಂದು ತೋರಿಸಿದೆ, ಅಲ್ಲಿಂದ ಕುದುರೆಯ ಜೋನ್ ಮನೆಗೆ ಹೋದರು, ಈಗ ಮನೆ ಮುಟ್ಟಿರಬೇಕು ಎಂದಳು.

“ನೋ ವರೀಸ್, ಮೇಟ್” ಎಂದು ಬ್ರಯನ್ ನನ್ನ ಬೆನ್ನು ತಟ್ಟಿ ಒಂದು ಮೀನನ್ನು ಕೈಗಿಡಲು ಬಂದ. ಲಿಂಗಾಯತರ ಮನೆಯ ನಾನು ಅದನ್ನು ಹೇಗೆ ಬೇಡವೆಂದೆನೋ ದೇವರಿಗೇ ಗೊತ್ತು. ಮೇಘಾ ಸ್ಟೇರಿಂಗ್ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು, ಅತ್ತ ಮೇಲೆ ಕಾರು ಓಡಿಸಿದಳು.

ಮನೆಗೆ ಬಂದರೆ ಅಕ್ಕ ಬೀಗ ಹಾಕಿದ ಬಾಗಿಲ ಮುಂದೆ, ಮೆಟ್ಟಿಲ ಮೇಲೆ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಪಕ್ಕದಲ್ಲಿ ಒಂದು ಕಟ್ಟು ಕೆಂಪುದಂಟಿನ ಸೊಪ್ಪು, ನಾಲ್ಕು ಟೊಮೆಟೊ ಸಸಿ, ಮತ್ತು ಒಂದು ಚೀಲ ಲದ್ದಿ.

“ಎಲ್ಲಿ ಹಾಳಾಗಿ ಹೋಗಿದ್ರಿ ಇಬ್ರೂ? ಕೀಲಿ ಹಾಕ್ಕೊಂಡು ಹೋದ್ರ ನಾ ಎಲ್ಲಿ ಕುಂದರಬೇಕು?”

“ಅವ್ವಾ, ನೀನ ಕಳದೋಗಿದ್ದಿ!” ಎಂದು ಮೇಘಾ ಕೂಗಿದಳು.

“ನಾ ಯಾಕ ಕಳೀಲಿ? ಆ ಗಾಡಿ ಕಳದಿತ್ತು.”

ಒಳಗೆ ಹೋಗಿ ನೀರು ಕುಡಿದ ಮೇಲೆ ನಡೆದದ್ದನ್ನು ಹೇಳಿದಳು. ಮೂಲೆಗೆ ಬಂದಾಗ ಗಾಡಿ ಇರಲಿಲ್ಲ. ತಿರುಗಿ ಬರಬೇಕೆಂದುಕೊಂಡಳು. ಅಷ್ಟರಲ್ಲಿ ಬೇಲಿಯಾಚೆ ಒಬ್ಬ ಹೆಂಗಸು ಮಣ್ಣಲ್ಲಿ ಕುಳಿತಿದ್ದು ಕಂಡಿತು.

“ಐದು ತಿಂಗಳಾತು, ನನಗ ಆಕಿನ್ನ ಮಾತಾಡಸಾಕ ಒಂದು ನೆವ ಇರ್ಲಿಲ್ಲ ನೋಡು. ಏನಂತ ಹೇಳ್ಲಿ? ಈಗ ಕೈಯಾಗ ಆಕಿ ಗಾಡಿ ಫೋಟೋ ಇತ್ತು. ನಿನ್ನ ಸ್ಟುಡಿಯೋದಾಗ ನಾ ಎಷ್ಟು ವರ್ಷ ಕುಂತೀನಿ, ಯಾರ ಫೋಟೋನ ಅವರಿಗೆ ಕೊಡಬೇಕಲ್ಲ? ‘ಮೈ ಬ್ರದರ್ ಫೋಟೋ, ಯುವರ್ ಗಾಡಿ’ ಅಂದೆ. ಆಕಿಗೆ ಅಷ್ಟು ಖುಷಿ ಆತು, ತೆಕ್ಕಿ ಬಡದ್ಲು! ನಾಯಿ ಭಾಳ ಚೊಲೊ ಬಂದೈತಿ ಅಂದ್ಲು. ಆಮ್ಯಾಲ ದೋಣಿ ಫೋಟೋ ತೋರಿಸಿದೆ, ಅವರ ಮನಿ ತೋರಿಸಿದ್ಲು. ಅವರಿಗೆ ದೋಣಿ ಕೊಟ್ಟೆ. ಅವರು ಕುದರಿ ಅಜ್ಜಿ ಮನಿ ತೋರಿಸಿದ್ರು. ಆ ಅಜ್ಜಿ ಫೋಟೋ ನೋಡಿ ಕಣ್ಣಾಗ ನೀರು ತಂದ್ಲು. ಆ ಕುದರಿ ಭಾಳ ಮುದಿ ಆಗೇತಂತ, ಈ ಚಳಿಗಾಲ ದಾಟೂದಿಲ್ಲಂತ ಅಂದುಕೊಂಡಿದ್ಲಂತ.”

“ಇಷ್ಟೆಲ್ಲಾ ನಿನಗ ಹೆಂಗ ತಿಳೀತಕ್ಕಾ? ಇಂಗ್ಲಿಷಿನ್ಯಾಗ?”

“ಮುದುಕರ ಮಾತು ತಿಳಿಯಾಕ ಇಂಗ್ಲಿಷ್ ಯಾಕ ಬೇಕೋ? ಮಾರಿ ನೋಡಿದ್ರ ಸಾಕು.”

ಕೈಚೀಲ ಖಾಲಿಯಾಗಿತ್ತು. ಎರಡು ಜೊತೆ ಫೋಟೋಗಳನ್ನೂ ಹಂಚಿ ಬಂದಿದ್ದಳು. ಊರ ಗುರುತುಗಳೆಲ್ಲ ಹೋಗಿ ಮನೆಗಳೊಳಗೆ ಸೇರಿಕೊಂಡಿದ್ದವು. ಇನ್ನು ನಾಳೆ ದಾರಿ ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದೆ. ಟ್ರೇಸಿ ಮನೆಯಿಂದ ಎಡಕ್ಕೆ, ಜೋನ್ ಮನೆಯಿಂದ ಸೀದಾ ಎಂದು, ಇಷ್ಟೂ ತಿಳಿಯುವುದಿಲ್ಲವೇ ಎನ್ನುವಂತೆ ನೋಡಿದಳು.

ಆಮೇಲೆ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ, “ಬುಧವಾರ ಟ್ರೇಸಿ ಮನ್ಯಾಗ ರೊಟ್ಟಿ ಬಡಿಯಾಕ ಬರ್ತೀನಂತ ಹೇಳೀನಿ. ಜೋಳದ ಹಿಟ್ಟು ಎಷ್ಟೈತಿ ನೋಡು ಮೇಘಾ” ಅಂದಳು.

ಮೇಘಾ ನನ್ನ ಮುಖ ನೋಡಿದಳು. ನಾನು ಧೈರ್ಯ ಮಾಡಿ ಕೇಳಿದೆ. “ಬುಧವಾರ ಹೆಂಗಾಗ್ತೈತಕ್ಕಾ? ನಮ್ಮ ವಿಮಾನ ಮಂಗಳವಾರ ಐತೆಲ್ಲ?”

“ನಿನ್ನ ವಿಮಾನ ಮಂಗಳವಾರ” ಅಂದಳು ಅಕ್ಕ.

ಮೇಘಾ ಎದ್ದು ಹಿಟ್ಟಿನ ಡಬ್ಬಿ ನೋಡುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

ಹೊರಟ ಬೆಳಿಗ್ಗೆ

ಮಂಗಳವಾರ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಯಿತು. ನೆರೆಯವರು ಏನೆಂದುಕೊಳ್ಳುತ್ತಾರೋ ಎಂದು ಇಷ್ಟು ತಿಂಗಳು ಅಕ್ಕ ಕಿಟಕಿ ಮುಚ್ಚಿ, ಅಂಗೈಯಲ್ಲಿ ಸವರಿದಂತೆ ಬಡಿಯುತ್ತಿದ್ದಳಂತೆ. ಅಂದು ಕಿಟಕಿ ತೆರೆದಿತ್ತು. ದಾರಿಗೆಂದು ನನಗೆ ಒಂದು ಕಟ್ಟು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದಳು. ಇನ್ನೊಂದು ಕಟ್ಟನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಟ್ಟಳು. ಅದು ಯಾರಿಗೆಂದರೆ ಜೋನ್ ಅಜ್ಜಿಗೆ, ಆಕೆಗೆ ಹಲ್ಲಿಲ್ಲ, ಬಿಸಿಯಿದ್ದಾಗಲೇ ಮುಟ್ಟಿಸಬೇಕು ಎಂದಳು.

ಕಾರಿಗೆ ಪೆಟ್ಟಿಗೆ ಹಾಕಿಯಾಯಿತು. ಕಾಲಿಗೆರಗಿದೆ. ತಲೆ ಮುಟ್ಟಿ, ಬಿಪಿ ಗುಳಿಗೆ ನುಂಗು, ಸ್ಟುಡಿಯೋದಲ್ಲಿ ತಂಗಳು ಚಹಾ ಕುಡಿಯಬೇಡ ಎಂದೆಲ್ಲ ಹೇಳಿದಳು. ನನಗಂತೂ ಕಣ್ಣು ತುಂಬಿ ಬಂತು. ಮತ್ತೆ ಯಾವಾಗ ಭೇಟಿಯೋ. ಅವಳದೊಂದು ಒಳ್ಳೆಯ ಫೋಟೋ ತೆಗೆದುಕೊಳ್ಳೋಣ ಎಂದು ಕ್ಯಾಮೆರಾ ಎತ್ತಿದೆ.

“ಅಕ್ಕಾ, ಗೇಟಿನ ಹತ್ರ ನಿಂದರು. ಹಂಗ ಸ್ವಲ್ಪ ಈ ಕಡೆ ಮಾರಿ ಮಾಡು.”

“ನಿಂದರಾಕ ಹೊತ್ತಿಲ್ಲಪಾ. ರೊಟ್ಟಿ ಆರ್ತಾವ, ನಾ ಹೊಂಟೆ. ಮುಟ್ಟಿದ ಮ್ಯಾಲ ಫೋನ್ ಮಾಡು.”

ಗೇಟು ತೆಗೆದಳು, ರಸ್ತೆಗಿಳಿದಳು, ಕೆಂಪು ಯೂಟಿನ ಮೂಲೆಯ ಕಡೆ ಹೊರಟೇಬಿಟ್ಟಳು. ಅಂದು ಯೂಟ್ ಇತ್ತು, ನಾಯಿ ಎದ್ದು ನಿಂತು ಬಾಲ ಅಲ್ಲಾಡಿಸಿತು. ಅದರ ತಲೆ ಸವರಿದಳು, ತಲೆಯೆತ್ತಿ ಬೀದಿಯ ಹೆಸರಿನ ಫಲಕ ನೋಡದೆ ಎಡಕ್ಕೆ ಹೊರಳಿದಳು. ನಾನು ಕಾರಿನ ಪಕ್ಕ ನಿಂತು ಕೈಗೆ ಸಿಕ್ಕಷ್ಟು ತೆಗೆದೆ.

ಬೆನ್ನು ತೋರಿಸುವ ಫೋಟೋವನ್ನು ನನ್ನ ಸ್ಟುಡಿಯೋದಲ್ಲಿ ಇಷ್ಟು ವರ್ಷ ಯಾವ ಗಿರಾಕಿಗೂ ಕೊಟ್ಟವನಲ್ಲ. ಈಗ ಒಳಗೆ ಬಂದ ಕೂಡಲೇ ಕಾಣುವಂತೆ ಗೋಡೆಗೆ ಅದೊಂದನ್ನೇ ದೊಡ್ಡದು ಮಾಡಿ ಹಾಕಿದ್ದೇನೆ. ಬಿಳಿ ಬಿಸಿಲು, ಖಾಲಿ ರಸ್ತೆ, ಇಳಕಲ್ ಸೀರೆಯ ಕೆಳಗೆ ಓಟದ ಬೂಟು, ಕಂಕುಳಲ್ಲಿ ರೊಟ್ಟಿಯ ಗಂಟು. ಮಾರಿಯೇ ಕಾಣಿಸುವುದಿಲ್ಲವಲ್ಲ, ಯಾರಿವರು ಎಂದು ಬಂದವರೆಲ್ಲ ಕೇಳುತ್ತಾರೆ.

“ನಮ್ಮಕ್ಕ ರೀ” ಅನ್ನುತ್ತೇನೆ. “ಮಂದಿ ಮನಿಗೆ ಹೊಂಟಾಳ.”